ಅನ್ನದಿಂದ ಆನಂದದವರೆಗೆ: ತೈತ್ತಿರೀಯದ ಕ್ರಮವನ್ನು ಜೀವವಿಕಾಸವೆಂದು ಓದಬಹುದೇ?

ಪ್ರಶ್ನೆ (ಜಯನಗರದ ಜೀವಶಾಸ್ತ್ರ ಅಧ್ಯಾಪಕಿ)

ಎಲ್ಲರಿಗೂ ನಮಸ್ಕಾರ. ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಬೋಧಿಸುವ ನಾನು ಬಸವನಗುಡಿಯಲ್ಲಿ ತೈತ್ತಿರೀಯ ಉಪನಿಷತ್ತಿನ ಪಾಠವನ್ನೂ ಕೇಳುತ್ತಿದ್ದೇನೆ. ಅದರ ಬ್ರಹ್ಮಾನಂದವಲ್ಲಿ ಎಂಬ ಅಧ್ಯಾಯದ ಆರಂಭದಲ್ಲಿ ಆತ್ಮದಿಂದ ಆಕಾಶ, ಅದರಿಂದ ಕ್ರಮವಾಗಿ ವಾಯು, ಅಗ್ನಿ, ನೀರು, ಪೃಥ್ವಿ, ಪೃಥ್ವಿಯಿಂದ ಓಷಧಿ (ಸಸ್ಯ), ಓಷಧಿಯಿಂದ ಅನ್ನ, ಅನ್ನದಿಂದ ಪುರುಷ (ಮನುಷ್ಯ) ಎಂದು ಹೇಳಿ, ಅದರ ಬೆನ್ನಿಗೇ ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ ಎಂಬ ಐದನ್ನು ನಿರೂಪಿಸಲಾಗಿದೆ. ಇದು ಡಾರ್ವಿನ್ನನಿಗಿಂತ ಮೊದಲೇ ನಮ್ಮವರು ಕಂಡ ವಿಕಾಸವಾದವೆಂದು ಸಹಪಾಠಿಗಳು ಹೇಳುತ್ತಾರೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಆಗ ಭೂಮಿಯ ಮೇಲೆ ಇದ್ದದ್ದು ಸೂಕ್ಷ್ಮಜೀವಿಗಳು ಮಾತ್ರ ಎಂದು ವಿದ್ಯಾರ್ಥಿಗಳಿಗೆ ಹೇಳುವ ನನಗೆ ಈ ಹೋಲಿಕೆಯನ್ನು ಸುಲಭವಾಗಿ ಒಪ್ಪಲಾಗುತ್ತಿಲ್ಲ. ಉಪನಿಷತ್ತಿನದು ಕಾಲಕ್ರಮವೇ? ಜಡವು ಜೀವವಾಗುವ ಘಟ್ಟವೊಂದನ್ನು ನಮ್ಮ ದರ್ಶನಗಳು ಗುರುತಿಸುತ್ತವೆಯೇ?

ಉತ್ತರ (ಮಲ್ಲೇಶ್ವರದ ನಿವೃತ್ತ ಸಂಸ್ಕೃತ ಉಪನ್ಯಾಸಕ)

ಮೇಡಂ, ಮೊದಲ ಪ್ರಶ್ನೆಗೆ ಚುಟುಕಾಗಿ ಉತ್ತರಿಸಬಹುದು. ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ‘ಸತ್’ ಎಂಬ ಮೂಲತತ್ತ್ವದಿಂದ ಹುಟ್ಟುವುದು ತೇಜಸ್ಸು (ಬೆಂಕಿ), ನೀರು, ಅನ್ನ ಎಂಬ ಮೂರೇ. ಆಕಾಶ, ವಾಯುಗಳ ಮಾತು ಅಲ್ಲಿಲ್ಲ. ಉಪನಿಷತ್ತುಗಳ ಮಾತುಗಳನ್ನು ಹೊಂದಿಸಿ ನೋಡುವ ಬ್ರಹ್ಮಸೂತ್ರ ಈ ವ್ಯತ್ಯಾಸವನ್ನೆತ್ತಿಕೊಂಡು ಸಮನ್ವಯ ಮಾಡುತ್ತದೆಯಾದರೂ, ಸೃಷ್ಟಿವಾಕ್ಯಗಳ ತಾತ್ಪರ್ಯವಿರುವುದು ಬ್ರಹ್ಮವನ್ನು ತಿಳಿಸುವುದರಲ್ಲೇ ಹೊರತು ಸೃಷ್ಟಿಯ ವಿವರಗಳಲ್ಲಲ್ಲ ಎಂದು ಶಂಕರರು ಸ್ಪಷ್ಟವಾಗಿ ಹೇಳುತ್ತಾರೆ. ಅದನ್ನು ಭೂಮಿಯ ಇತಿಹಾಸವೆಂದು ಓದಲು ಶಂಕರರ ಭಾಷ್ಯದಲ್ಲಿ (ವ್ಯಾಖ್ಯಾನದಲ್ಲಿ) ಆಧಾರವಿಲ್ಲ.

ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಆಳವಾದದ್ದು. ಜೀವಶಾಸ್ತ್ರ ಜಡಕ್ಕೂ ಜೀವಕ್ಕೂ ನಡುವೆ ಗೆರೆ ಎಳೆಯುವ ಜಾಗದಲ್ಲಿ ಸಾಂಖ್ಯ ದರ್ಶನದವರು ಗೆರೆ ಎಳೆಯುವುದೇ ಇಲ್ಲ. ಪ್ರಕೃತಿ, ಮಹತ್ (ಬುದ್ಧಿ), ಅಹಂಕಾರ, ಮನಸ್ಸು, ಇಂದ್ರಿಯಗಳು, ತನ್ಮಾತ್ರೆಗಳು (ಭೂತಗಳ ಸೂಕ್ಷ್ಮರೂಪಗಳು), ಭೂತಗಳು ಸೇರಿ 24 ತತ್ತ್ವಗಳೂ ಜಡದ ಕಡೆಗೇ ಸೇರುತ್ತವೆ; ಇನ್ನೊಂದು ಕಡೆ ಇರುವವನು ಪುರುಷನೊಬ್ಬನೇ, ಇಲ್ಲಿ ಪುರುಷನೆಂದರೆ ಮನುಷ್ಯನಲ್ಲ, ಅರಿಯುವ ಚೇತನ. ಪ್ರಾಣಕ್ಕೆ ಈ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವೂ ಇಲ್ಲ. ಸಾಂಖ್ಯಕಾರಿಕೆಯ 29ನೆಯ ಕಾರಿಕೆ ಪ್ರಾಣಾದಿ ಐದು ವಾಯುಗಳನ್ನು ಕರಣಗಳ (ಮನಸ್ಸು ಮೊದಲಾದ ಸಾಧನಗಳ) ಸಾಮಾನ್ಯ ವೃತ್ತಿ, ಅಂದರೆ ಒಟ್ಟು ಕೆಲಸವೆಂದು ಕರೆದು ಮುಂದೆ ಹೋಗುತ್ತದೆ. ವೇದಾಂತಿಗಳು ಇದನ್ನು ಒಪ್ಪದೆ, ಪ್ರಾಣವು ಬರಿಯ ವಾಯುವೂ ಅಲ್ಲ, ಇಂದ್ರಿಯಗಳ ವ್ಯಾಪಾರವೂ ಅಲ್ಲ ಎಂದು ವಾದಿಸಿದರು. ಆದರೆ ಪ್ರಾಣ, ಮನಸ್ಸು, ಬುದ್ಧಿಗಳು ತಾವೇ ಚೇತನವಲ್ಲ ಎಂಬಲ್ಲಿ ಅದ್ವೈತಿಗಳಿಗೂ ಸಾಂಖ್ಯರಿಗೂ ಭಿನ್ನಾಭಿಪ್ರಾಯವಿಲ್ಲ. ಆದ್ದರಿಂದ ಜಡದಿಂದ ಜೀವಕ್ರಿಯೆ ಹುಟ್ಟುವುದನ್ನು ನಾಳೆ ಪ್ರಯೋಗಾಲಯದಲ್ಲಿ ತೋರಿಸಿದರೂ ಈ ದರ್ಶನಗಳ ಬುಡ ಅಲುಗುವುದಿಲ್ಲ. ಆ ಕ್ರಿಯೆಯನ್ನು ಅರಿಯುವವನು ಯಾರು ಎಂಬ ಪ್ರಶ್ನೆ ಆಗಲೂ ಉಳಿದಿರುತ್ತದೆ. ಭೂತಗಳ ಸಂಯೋಗದಿಂದಲೇ ಅರಿವು ಹುಟ್ಟುತ್ತದೆ ಎಂದವರು ಚಾರ್ವಾಕರು, ಮತ್ತು ಅವರನ್ನು ಎದುರಿಸುತ್ತಲೇ ಉಳಿದವರು ತಮ್ಮ ವಾದವನ್ನು ಹರಿತಗೊಳಿಸಿಕೊಂಡರು.

ನೀವು ಓದಲೇಬೇಕಾದ ಭಾಗ ಐತರೇಯ ಆರಣ್ಯಕದ ಎರಡನೆಯ ಆರಣ್ಯಕದಲ್ಲಿದೆ. ಓಷಧಿ ವನಸ್ಪತಿಗಳಲ್ಲಿ ರಸ ಕಾಣುತ್ತದೆ, ಪ್ರಾಣಿಗಳಲ್ಲಿ ಚಿತ್ತವೂ ಕಾಣುತ್ತದೆ, ಮನುಷ್ಯನಲ್ಲಿ ಆತ್ಮ ಇನ್ನೂ ಹೆಚ್ಚು ಪ್ರಕಟವಾಗಿದೆ, ಏಕೆಂದರೆ ಅವನು ನಾಳೆಯನ್ನು ಬಲ್ಲ, ಮರ್ತ್ಯದಿಂದ ಅಮೃತವನ್ನು ಬಯಸುತ್ತಾನೆ ಎನ್ನುತ್ತದೆ ಆ ಭಾಗ. ತೈತ್ತಿರೀಯ ಭಾಷ್ಯದಲ್ಲಿ ಶಂಕರರು, ಎಲ್ಲ ಜೀವಿಗಳೂ ಸಮಾನವಾಗಿ ಅನ್ನರಸದ ವಿಕಾರಗಳಾಗಿರುವಾಗ ಪುರುಷನನ್ನೇ ಏಕೆ ಹೆಸರಿಸಬೇಕು ಎಂದು ತಾವೇ ಪ್ರಶ್ನೆ ಹಾಕಿಕೊಂಡು, ಕರ್ಮಕ್ಕೂ ಜ್ಞಾನಕ್ಕೂ ಅವನಿಗೆ ಅಧಿಕಾರ (ಅರ್ಹತೆ) ಇರುವುದರಿಂದ ಎಂದು ಉತ್ತರಿಸಿ, ಆರಣ್ಯಕದ ಈ ಶ್ರುತಿಯನ್ನೇ ಉದಾಹರಿಸುತ್ತಾರೆ. ದೇಹದ ದ್ರವ್ಯದಲ್ಲಿ ಮನುಷ್ಯನಿಗೆ ಯಾವ ಹೆಚ್ಚುಗಾರಿಕೆಯನ್ನೂ ಅವರು ಕೊಡದಿರುವುದು ನನ್ನ ಮಟ್ಟಿಗೆ ಬಹಳ ದೊಡ್ಡ ಮಾತು.

ಉತ್ತರ (ಕತ್ರಿಗುಪ್ಪೆಯ ದ್ವೈತ ವೇದಾಂತದ ವಿದ್ಯಾರ್ಥಿ)

ಹಿರಿಯರ ಉತ್ತರ ಅದ್ವೈತದ ಕಡೆಯಿಂದ ಬಂದದ್ದು. ಇನ್ನೊಂದು ಪಕ್ಷವನ್ನೂ ಇಲ್ಲಿ ದಾಖಲಿಸಬೇಕು. ಆನಂದಮಯವು ಶಂಕರರ ನಿರ್ಣಯದಲ್ಲಿ ಆತ್ಮದ ಮೇಲಿನ ಕೋಶ (ಹೊದಿಕೆ) ಆದರೆ, ರಾಮಾನುಜರಿಗೆ ಅದು ಪರಬ್ರಹ್ಮವೇ. ಮಧ್ವಾಚಾರ್ಯರಂತೂ ಅನ್ನಮಯಾದಿ ಐದೂ ವಿಷ್ಣುವಿನ ರೂಪಗಳೆಂದು ಹೇಳುತ್ತಾರೆ, ಹೀಗಾಗಿ ಅವುಗಳನ್ನು ಕೆಳಗಿನಿಂದ ಮೇಲಕ್ಕೆ ಏರುವ ಹಂತಗಳೆಂದು ಎಣಿಸುವುದಕ್ಕೇ ನಮ್ಮಲ್ಲಿ ಅವಕಾಶವಿಲ್ಲ. ಜೀವಾತ್ಮನ ಸ್ವರೂಪ ಅನಾದಿಯಾದದ್ದು. ದೇಹಗಳು ಬದಲಾದರೂ ಯೋಗ್ಯತೆ ಬದಲಾಗುವುದಿಲ್ಲ, ಸಾಧನೆಯಿಂದ ಇದ್ದದ್ದೇ ಅಭಿವ್ಯಕ್ತವಾಗುತ್ತದೆ, ಮುಕ್ತಿಯಲ್ಲೂ ಜೀವರ ನಡುವಿನ ತಾರತಮ್ಯ ಉಳಿಯುತ್ತದೆ.

ಉತ್ತರ (ಜೆ.ಪಿ. ನಗರದ ಅರವಿಂದ ದರ್ಶನದ ಓದುಗ)

ನಿಮ್ಮ ಸಹಪಾಠಿಗಳ ಮಾತಿಗೆ ಒಂದು ಮೂಲವಿದೆ, ಆದರೆ ಅದು ಪ್ರಾಚೀನವಲ್ಲ. ಯೋಗಸೂತ್ರದ ನಾಲ್ಕನೆಯ ಪಾದ, ಒಂದು ಜಾತಿ ಇನ್ನೊಂದಾಗಿ ಪರಿಣಮಿಸುವುದು ಪ್ರಕೃತಿಯ ತುಂಬುವಿಕೆಯಿಂದ ಎನ್ನುತ್ತದೆ: ರೈತ ಬದುವಿನ ಅಡ್ಡಿಯನ್ನು ತೆಗೆದರೆ ಸಾಕು, ನೀರು ತಾನಾಗಿ ಕೆಳಗಿನ ಗದ್ದೆಗೆ ಹರಿಯುತ್ತದೆ. ಯೋಗಸೂತ್ರದ ವ್ಯಾಖ್ಯಾನವಾದ ವ್ಯಾಸಭಾಷ್ಯದಲ್ಲಿ ಇದು ಒಬ್ಬ ವ್ಯಕ್ತಿಯ ದೇಹೇಂದ್ರಿಯಗಳ ಮಾರ್ಪಾಡಿನ ವಿಷಯ. ಇದನ್ನು ಜೀವವಿಕಾಸಕ್ಕೆ ಅನ್ವಯಿಸಿ ವಿವರಿಸಿದವರು ಸ್ವಾಮಿ ವಿವೇಕಾನಂದರು. ಅರವಿಂದರು 1914ರಿಂದ ಪುದುಚೇರಿಯ ‘ಆರ್ಯ’ ಮಾಸಿಕದಲ್ಲಿ ಬರೆಯುತ್ತ, ಚೈತನ್ಯ ಮೊದಲು ಜಡದೊಳಗೆ ಇಳಿದು ಅಡಗಿರದಿದ್ದರೆ ಅದು ಜಡದಿಂದ ಪ್ರಾಣವಾಗಿ, ಮನಸ್ಸಾಗಿ ಮೇಲೇಳುವುದು ಸಾಧ್ಯವೇ ಇರಲಿಲ್ಲ ಎಂದು ಪ್ರತಿಪಾದಿಸಿದರು. ಕಾರಣದಲ್ಲಿ ಇಲ್ಲದ್ದು ಕಾರ್ಯದಲ್ಲಿ ಬಾರದು ಎಂಬ ಸತ್ಕಾರ್ಯವಾದ ಇದರ ಹಿಂದಿದೆ. ಮನುಷ್ಯನೇ ಕೊನೆಯಲ್ಲ, ಮನಸ್ಸಿನಾಚೆಗಿನ ಅತಿಮಾನಸ ಈ ಭೂಮಿಯ ಬದುಕಿನಲ್ಲೇ ಇಳಿದುಬರಬೇಕು ಎಂಬುದು ಅವರು ಸೇರಿಸಿದ ಹೊಸ ಮಾತು. ಬಿಡುಗಡೆಯನ್ನು ಒಬ್ಬೊಬ್ಬ ಜೀವಾತ್ಮನ ವಿಷಯವಾಗಿ ನೋಡಿದ ಹಳೆಯ ದರ್ಶನಗಳಿಗೆ ಇದನ್ನು ಆರೋಪಿಸಿದರೆ ಅರವಿಂದರ ಸ್ವಂತಿಕೆಗೇ ಅನ್ಯಾಯವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕಾಲಕ್ರಮವಲ್ಲದಿದ್ದರೆ, ಅನ್ನದಿಂದ ಪ್ರಾಣಕ್ಕೆ, ಪ್ರಾಣದಿಂದ ಮನಸ್ಸಿಗೆ ಸಾಗುವುದು ಯಾವುದು?

ಉತ್ತರ (ಮಲ್ಲೇಶ್ವರದ ಉಪನ್ಯಾಸಕ)

ತೈತ್ತಿರೀಯದ ಮುಂದಿನ ಅಧ್ಯಾಯವಾದ ಭೃಗುವಲ್ಲಿಯನ್ನು ನೋಡಿ. ಭೃಗು ತಂದೆ ವರುಣನಲ್ಲಿಗೆ ಮತ್ತೆ ಮತ್ತೆ ಹೋಗುತ್ತಾನೆ. ವರುಣ ಪ್ರತಿಸಲವೂ ತಪಸ್ಸು ಮಾಡೆಂದು ಕಳುಹಿಸುತ್ತಾನೆ. ಭೃಗು ಅನ್ನವೇ ಬ್ರಹ್ಮವೆಂದು ತಿಳಿದು, ಮುಂದೆ ಪ್ರಾಣ, ಮನಸ್ಸು, ವಿಜ್ಞಾನ, ಆನಂದ ಎಂದು ತಿಳಿಯುತ್ತ ಹೋಗುತ್ತಾನೆ. ಅಲ್ಲಿ ಸಾಗುವುದು ತಿಳಿಯುವವನ ಅರಿವು. ಆದರೆ ಮೊದಲು ಕಂಡದ್ದನ್ನು ಉಪನಿಷತ್ತು ತಳ್ಳಿಹಾಕುವುದಿಲ್ಲ: ಆನಂದವನ್ನು ತಿಳಿದ ಮರುಕ್ಷಣವೇ ಅನ್ನವನ್ನು ನಿಂದಿಸಬಾರದೆಂಬ ವ್ರತವನ್ನು ಹೇಳಿ, ಪ್ರಾಣವೇ ಅನ್ನ, ಶರೀರವು ಅದನ್ನು ಉಣ್ಣುವುದು, ಒಂದರಲ್ಲಿ ಇನ್ನೊಂದು ನೆಲೆಸಿದೆ ಎಂದು ಮುಂದುವರಿಯುತ್ತದೆ.