ಅರ್ಜಿಗೂ ದುಡ್ಡು, ಪ್ರಿಂಟಿಗೂ ನಮ್ಮದೇ ದುಡ್ಡು: ಈ ಲಿಮಿಟೆಡ್ ಎಡಿಷನ್‌ಗೆ ಪ್ರಪೋಸಲ್ ಕಳಿಸಬೇಕಾ?

ಬಸವನಗುಡಿ ಕುಂಚ
ಬೆಂಗಳೂರಿನ ಒಂದು ಗ್ಯಾಲರಿ ಪ್ರಪೋಸಲ್ ಕರೆದಿದೆ. ಹೆಸರು ಇಲ್ಲಿ ಬೇಡ. ಒಂದು ಗುಂಪು ಪ್ರದರ್ಶನ, ಜೊತೆಗೆ ಲಿಮಿಟೆಡ್ ಎಡಿಷನ್, ಅಂದರೆ ಇಷ್ಟೇ ಪ್ರತಿ ಅಂತ ಮೊದಲೇ ಮಿತಿ ಹಾಕಿದ ಪ್ರಿಂಟ್‌ಗಳ ಒಂದು ಪೋರ್ಟ್‌ಫೋಲಿಯೊ (ಸೆಟ್). ಆಯ್ಕೆಯಾದ ಪ್ರತಿಯೊಬ್ಬರದೂ ಒಂದು ಚಿತ್ರ, 25 ಪ್ರತಿ. ಅರ್ಜಿ ಶುಲ್ಕ 1,500 ರೂಪಾಯಿ, ಆಯ್ಕೆ ಆಗದಿದ್ದರೂ ವಾಪಸ್ ಇಲ್ಲ. ಪ್ರಿಂಟಿನ ಖರ್ಚು ಕಲಾವಿದರದ್ದು. ಮಾರಾಟವಾದರೆ ಅರ್ಧ ಗ್ಯಾಲರಿಗೆ. ಪ್ರಪೋಸಲ್ 500 ಪದ, ಇಂಗ್ಲಿಷಿನಲ್ಲೇ ಇರಬೇಕು.

ನಾನು ಕ್ಯಾನ್ವಾಸ್ ಮೇಲೆ ಅಕ್ರಿಲಿಕ್ ಮಾಡುವವಳು. ಅದನ್ನು ಸ್ಕ್ಯಾನ್ ಮಾಡಿಸಿ ಬಹುಕಾಲ ಬಾಳುವ ಆರ್ಕೈವಲ್ ಪೇಪರ್ ಮೇಲೆ ಪ್ರಿಂಟ್ ಹಾಕಿಸಬೇಕಂತೆ. ಕಳಿಸಲಾ, ಬೇಡವಾ? ಅನುಭವ ಇರುವವರು ಹೇಳಿ. ಕೊನೆಯ ದಿನ ಈ ಶುಕ್ರವಾರ.

ವಿಜಯನಗರ 40
ಕಳಿಸಬೇಡಿ. ನೂರು ಜನ ಅರ್ಜಿ ಹಾಕಿದರೆ ಒಂದೂವರೆ ಲಕ್ಷ ಆಯ್ತು. ಒಂದು ಚಿತ್ರವೂ ಮಾರಾಟ ಆಗದಿದ್ದರೂ ಅವರ ಖರ್ಚು ಹುಟ್ಟಿತು. ಇದೇ ಅವರ ವ್ಯಾಪಾರ. ಹೋಟೆಲಿನಲ್ಲಿ ಮೆನು ನೋಡೋಕೆ ಯಾರಾದರೂ ದುಡ್ಡು ಕೊಡ್ತಾರಾ?

ಗೋಡೆ ಮೊಳೆ
"ಇದೇ ಅವರ ವ್ಯಾಪಾರ" ಅನ್ನುವ ಮಾತು ಒಪ್ಪಲ್ಲ. ನಾನು ಪ್ರದರ್ಶನ ಕಟ್ಟುವ ಕೆಲಸದಲ್ಲೇ ಇದ್ದೇನೆ. ಬಂದ ಪ್ರಪೋಸಲ್‌ಗಳನ್ನು ಕೂತು ಓದುವವರಿಗೆ ಸಂಬಳ ಬೇಡವಾ? ಅದರಲ್ಲೂ ಜಾಸ್ತಿ ಪ್ರಪೋಸಲ್‌ಗಳಲ್ಲಿ ಚಿತ್ರದ ಅಳತೆಯೇ ಇರಲ್ಲ. ಫೈಲಿನ ಹೆಸರು ಬರೀ ಒಂದು ಸಂಖ್ಯೆ. ಮೂರಡಿ ಕೆಲಸವೋ ಮೂರು ಇಂಚಿನದೋ ಗೊತ್ತಾಗಲ್ಲ. ವಿಡಿಯೋ ಕಳಿಸ್ತಾರೆ, ಪ್ರೊಜೆಕ್ಟರ್ ಯಾರು ತರಬೇಕು ಅಂತ ಬರೆದಿರಲ್ಲ. ನೂರು ಕೆಜಿ ಕಲ್ಲಿನ ಶಿಲ್ಪ ಇಡಬೇಕು ಅಂತಾರೆ, ಅದು ಎರಡನೇ ಮಹಡಿಗೆ ಹೇಗೆ ಹತ್ತುತ್ತದೆ ಅಂತ ಯೋಚನೆ ಮಾಡಿರಲ್ಲ. ಶುಲ್ಕ ಇಟ್ಟರೆ ಜನ ಸ್ವಲ್ಪ ಗಮನ ಕೊಟ್ಟು ಬರೆಯುತ್ತಾರೆ.

ವಿಜಯನಗರ 40
"ಓದುವವರಿಗೆ ಸಂಬಳ" ಗ್ಯಾಲರಿ ಕೊಡಬೇಕು. ಅರ್ಧ ಪಾಲು ತಗೊಳ್ಳೋದು ಯಾತಕ್ಕೆ ಮತ್ತೆ? ಇನ್ನೂ ಬೆಳಕಿಗೇ ಬಾರದ ಹುಡುಗರ ಜೇಬಿಗೆ ಕೈ ಹಾಕಬೇಕಾ?

ಹಾಸನದ ಅಕ್ಷರ
ನನ್ನ ಬೇಜಾರು 1,500 ರೂಪಾಯಿಗಿಂತ ಆ "ಇಂಗ್ಲಿಷಿನಲ್ಲೇ" ಅನ್ನೋದರ ಮೇಲೆ. 1993ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ತನ್ನ ಅನುದಾನಗಳಿಗೆ ಕನ್ನಡವೂ ಸೇರಿ ಭಾರತದ ಭಾಷೆಗಳಲ್ಲಿ ಅರ್ಜಿ ತಗೊಳ್ಳುತ್ತದೆ. ದೇಶಕ್ಕೆಲ್ಲ ಅನುದಾನ ಕೊಡುವವರಿಗೆ ಕನ್ನಡ ಓದೋಕೆ ಆಗುತ್ತೆ, ಊರಿನ ಗ್ಯಾಲರಿಗೆ ಆಗಲ್ವಾ? ನನ್ನ ಜೊತೆ ಓದಿದ ಹುಡುಗನ ಗೆರೆ ನೋಡಿದರೆ ಎಂಥವರೂ ನಿಂತು ನೋಡುತ್ತಾರೆ. ಆದರೆ ನಿನ್ನ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಸ್ಟೇಟ್‌ಮೆಂಟ್ ಬರೆ ಅಂದರೆ ಅವನು ಅರ್ಜಿಯನ್ನೇ ಹಾಕಲ್ಲ. ಎಷ್ಟು ಜನ ಹೀಗೆ ಬಾಗಿಲಲ್ಲೇ ಉಳಿದರು ಅಂತ ಯಾರಾದರೂ ಲೆಕ್ಕ ಇಟ್ಟಿದ್ದಾರಾ?

ಗೋಡೆ ಮೊಳೆ
ಅಕ್ಷರ ಅವರೇ, ಅದು ಅನುದಾನ. ಗ್ಯಾಲರಿ ಮಾರಬೇಕು. ಕೊಳ್ಳುವವರು ಮುಂಬೈ, ದೆಹಲಿಯಲ್ಲೂ ಇರುತ್ತಾರೆ.

ಹಾಸನದ ಅಕ್ಷರ
ಮುಂಬೈಯವರು ಕೊಳ್ಳೋದು ಚಿತ್ರವನ್ನು, 500 ಪದವನ್ನಲ್ಲ. ಆಯ್ಕೆ ಆದ ಮೇಲೆ ಅನುವಾದ ಮಾಡಿಸಿಕೊಳ್ಳಲಿ.

ಝಿಂಕ್ ಪ್ಲೇಟ್
ಎಲ್ಲರೂ ಶುಲ್ಕ, ಭಾಷೆ ಅಂತ ಹೊಡೆದಾಡುತ್ತಿದ್ದೀರಿ. ಪ್ರಶ್ನೆ ಕೇಳಿದ ತಂಗಿ ಬರೆದದ್ದು ನೋಡಿ: "ಸ್ಕ್ಯಾನ್ ಮಾಡಿಸಿ." ಅದು ಪ್ರಿಂಟ್ ಅಲ್ಲಮ್ಮ. ಪೇಂಟಿಂಗಿನ ನಕಲು. ನಮ್ಮ ಕಸ್ಟಮ್ಸ್ ಸುಂಕದ ಪಟ್ಟಿಯ 97ನೇ ಅಧ್ಯಾಯದ ಟಿಪ್ಪಣಿ ತೆಗೆದು ನೋಡಿ. ಮೂಲ ಪ್ರಿಂಟ್ ಅಂದರೆ ಕಲಾವಿದ ಪೂರ್ತಿ ಕೈಯಲ್ಲೇ ಮಾಡಿದ ಅಚ್ಚಿನ ಪ್ಲೇಟಿನಿಂದ ನೇರವಾಗಿ ತೆಗೆದದ್ದು. ಯಾಂತ್ರಿಕ ವಿಧಾನ, ಫೋಟೋ ಯಾಂತ್ರಿಕ ವಿಧಾನ ಸೇರಲ್ಲ ಅಂತ ಸ್ಪಷ್ಟವಾಗಿದೆ. ಸರ್ಕಾರಕ್ಕೆ ಗೊತ್ತಿರುವ ವ್ಯತ್ಯಾಸ ಗ್ಯಾಲರಿಯವರಿಗೆ ಗೊತ್ತಿಲ್ವಾ?

ಬೆಳಕಿನ ಪೆಟ್ಟಿಗೆ
"ನಕಲು" ಅನ್ನೋ ಪದ ವಾಪಸ್ ತಗೊಳ್ಳಿ ಸಾರ್. ನಾನು ಫೋಟೋಗ್ರಾಫರ್. ನಿಮ್ಮ ಲೆಕ್ಕದಲ್ಲಿ ನಾನು ಮಾಡೋದೆಲ್ಲ ನಕಲಾ? ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಹೆಸರಲ್ಲೇ ಎರಡನ್ನೂ ಪಕ್ಕಪಕ್ಕ ಇಟ್ಟಿದೆ. ಪ್ರಪಂಚದ ಎಲ್ಲ ಕಡೆ ಫೋಟೋ ಎಡಿಷನ್ ಮಾರಾಟ ಆಗುತ್ತದೆ. ಸುಂಕದ ಪಟ್ಟಿ ಇಟ್ಟುಕೊಂಡು ಕಲೆ ಯಾವುದು ಅಂತ ಹೇಳಬೇಡಿ.

ಝಿಂಕ್ ಪ್ಲೇಟ್
ಕಲೆ ಅಲ್ಲ ಅಂತ ನಾನು ಎಲ್ಲೂ ಹೇಳಿಲ್ಲ. ಕೇಳಿದ್ದು ಬೇರೆ. 25 ಯಾಕೆ? ಡ್ರೈಪಾಯಿಂಟ್‌ನಲ್ಲಿ, ಅಂದರೆ ಲೋಹದ ಪ್ಲೇಟಿನ ಮೇಲೆ ನೇರವಾಗಿ ಗೀರಿ ಮಾಡುವ ಪ್ರಿಂಟಿನಲ್ಲಿ, ಸೂಜಿ ಗೀರಿದಾಗ ಲೋಹ ಗೆರೆಯ ಪಕ್ಕ ಎದ್ದು ನಿಲ್ಲುತ್ತದೆ. ಇಂಕು ಅದಕ್ಕೆ ಸಿಕ್ಕಿಕೊಂಡೇ ಗೆರೆ ಮಖಮಲ್ಲಿನ ಹಾಗೆ ಬರೋದು. ಬಟ್ಟೆಯಲ್ಲಿ ಪ್ಲೇಟ್ ಒರೆಸಿದ ಪ್ರತಿ ಸಲ, ಪ್ರೆಸ್ಸಿನ ರೋಲರ್ ಕೆಳಗೆ ಹೋದ ಪ್ರತಿ ಸಲ ಆ ಅಂಚು ಸ್ವಲ್ಪ ಸ್ವಲ್ಪ ಕೂತುಕೊಳ್ಳುತ್ತದೆ. ಕೆಲವೇ ಡಜನ್ ಆದ ಮೇಲೆ ಗೆರೆ ಬಡವಾಗುತ್ತದೆ, ಬೆರಳಲ್ಲಿ ಮುಟ್ಟಿದರೂ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಲೇಬೇಕು. ಎಡಿಷನ್ ಮುಗಿದ ಮೇಲೆ ಪ್ಲೇಟಿನ ಮೇಲೆ ಅಡ್ಡ ಗೀರು ಹಾಕುತ್ತೇವೆ, ಆ ಗೀರಿನ ಸಮೇತ ಒಂದು ಪ್ರತಿ ತೆಗೆದು ಇಡುತ್ತೇವೆ. ಇನ್ನು ಹುಟ್ಟಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ನಿಮ್ಮ ಫೈಲ್ ಸವೆಯುತ್ತಾ? ಅಳಿಸಿದ್ದಕ್ಕೆ ಸಾಕ್ಷಿ ಏನು?

ಬೆಳಕಿನ ಪೆಟ್ಟಿಗೆ
"ನಿಲ್ಲಿಸಲೇಬೇಕು" ಅಂತೀರಲ್ಲ, ಯಾರು ನಿಲ್ಲಿಸಿದರು? ಸ್ಪೇನಿನ ಕಲಾವಿದ ಗೋಯಾ ಸತ್ತದ್ದು 1828ರಲ್ಲಿ. ಅವರ ಯುದ್ಧದ ಸರಣಿಯ 80 ಪ್ಲೇಟ್‌ಗಳನ್ನು ಮ್ಯಾಡ್ರಿಡ್‌ನ ಅಕಾಡೆಮಿ ಅಚ್ಚು ಹಾಕಿದ್ದು 1863ರಲ್ಲಿ, 35 ವರ್ಷ ಆದ ಮೇಲೆ. ಒಂದೆರಡು ಡಜನ್ ಅಲ್ಲ, 500 ಸೆಟ್. ಅದೇ ಸ್ಪೇನಿನ ಕಲಾವಿದ ಸಾಲ್ವಡೋರ್ ಡಾಲಿ, ಪ್ರಿಂಟ್ ಆಮೇಲೆ ಹಾಕಿಕೊಳ್ಳಿ ಅಂತ ಸಾವಿರಾರು ಖಾಲಿ ಹಾಳೆಗಳಿಗೆ ಸಹಿ ಹಾಕಿ ಕೊಟ್ಟರು. ಆಗ ಯಾವ ಡಿಜಿಟಲ್ ಫೈಲ್ ಇತ್ತು? ಮೋಸ ಮಾಡುವವರಿಗೆ ಪ್ಲೇಟೂ ಸಾಕು.

ಝಿಂಕ್ ಪ್ಲೇಟ್
ಗೋಯಾ ಮುಖ್ಯವಾಗಿ ಮಾಡಿದ್ದು ಎಚ್ಚಿಂಗ್ ಮತ್ತು ಅಕ್ವಾಟಿಂಟ್ (ಎರಡೂ ಪ್ಲೇಟನ್ನು ಆಸಿಡ್‌ನಲ್ಲಿ ಕೊರೆಯುವ ವಿಧಾನ), ನಾನು ಹೇಳಿದ್ದು ಡ್ರೈಪಾಯಿಂಟ್. ಎಚ್ಚಿಂಗ್ ಪ್ಲೇಟ್ ಜಾಸ್ತಿ ತಾಳುತ್ತದೆ. ಅದೂ ಅಲ್ಲದೆ ಸತ್ತವರ ಪ್ಲೇಟನ್ನು ಬೇರೆಯವರು ಅಚ್ಚು ಹಾಕಿದ್ದಕ್ಕೂ ನಾನು ಹೇಳುತ್ತಿರೋದಕ್ಕೂ ಸಂಬಂಧ ಇಲ್ಲ.

ಜಯನಗರ ಸಂಗ್ರಹ
ನಾನು ಕೊಳ್ಳುವವನು, ಕಲಾವಿದ ಅಲ್ಲ. "ಮೋಸ ಮಾಡುವವರಿಗೆ" ಅನ್ನೋ ಮಾತು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ಒಂದು ಗ್ಯಾಲರಿಯಲ್ಲಿ ಡಿಜಿಟಲ್ ಪ್ರಿಂಟ್ ತಗೊಂಡೆ. ಕೆಳಗೆ ಎಡಗಡೆ ಪೆನ್ಸಿಲಿನಲ್ಲಿ 7/25, ಅಂದರೆ 25ರಲ್ಲಿ ಏಳನೇ ಪ್ರತಿ, ಬಲಗಡೆ ಸಹಿ. ಆಮೇಲೆ ಅದೇ ಚಿತ್ರ ಒಂದು ಹೋಟೆಲಿನ ಲಾಬಿಯಲ್ಲಿ, ಎರಡರಷ್ಟು ದೊಡ್ಡದಾಗಿ. ಅದರ ಮೇಲೂ 3/25. ಗ್ಯಾಲರಿಗೆ ಫೋನ್ ಮಾಡಿದರೆ "ಅದು ಬೇರೆ ಸೈಜಿನ ಎಡಿಷನ್ ಸಾರ್" ಅಂದರು. ಹಾಗಾದರೆ ನನ್ನ ಹತ್ತಿರ ಇರೋ 25 ಅನ್ನೋ ಸಂಖ್ಯೆಗೆ ಏನು ಬೆಲೆ? ಅವತ್ತಿಂದ ಸ್ಕ್ಯಾನ್ ಪ್ರಿಂಟ್ ಕೊಳ್ಳೋದು ಬಿಟ್ಟೆ.

ಬೆಳಕಿನ ಪೆಟ್ಟಿಗೆ
"ಬೇರೆ ಸೈಜಿನ ಎಡಿಷನ್" ಅಂತ ಗ್ಯಾಲರಿ ಹೇಳಿದ್ದು ಕಾನೂನಿನ ಪ್ರಕಾರ ತಪ್ಪೇನಲ್ಲ. ವಿಲಿಯಂ ಎಗಲ್‌ಸ್ಟನ್ ಅಮೆರಿಕದ ದೊಡ್ಡ ಫೋಟೋಗ್ರಾಫರ್. ತಮ್ಮ ಹಳೆಯ ಚಿತ್ರಗಳನ್ನು ದೊಡ್ಡ ಡಿಜಿಟಲ್ ಪ್ರಿಂಟ್ ಮಾಡಿಸಿದರು. 2012ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅಂಥ 36 ಪ್ರಿಂಟ್ ಸುಮಾರು 59 ಲಕ್ಷ ಡಾಲರಿಗೆ ಹೋದವು. ಮೊದಲಿನ ಚಿಕ್ಕ ಎಡಿಷನ್ ಕೊಂಡಿದ್ದ ಸಂಗ್ರಾಹಕರೊಬ್ಬರು ಕೇಸ್ ಹಾಕಿದರು. 2013ರಲ್ಲಿ ಕೋರ್ಟ್ ಕೇಸ್ ವಜಾ ಮಾಡಿತು. ಹೊಸ ಸೈಜು, ಹೊಸ ವಿಧಾನ, ಆದ್ದರಿಂದ ಹೊಸ ಎಡಿಷನ್.

ಜಯನಗರ ಸಂಗ್ರಹ
ನ್ಯೂಯಾರ್ಕ್ ಕೋರ್ಟ್ ನ್ಯೂಯಾರ್ಕ್ ಕಾನೂನು ನೋಡಿ ಹೇಳಿದೆ. ನಾನು ದುಡ್ಡು ಕೊಟ್ಟದ್ದು ಬೆಂಗಳೂರಿನಲ್ಲಿ, ನನ್ನ ಮುಖ ನೋಡಿ "25 ಮಾತ್ರ" ಅಂದವರಿಗೆ. ಎಗಲ್‌ಸ್ಟನ್ ಮೊದಲಿನದನ್ನು ಡೈ ಟ್ರಾನ್ಸ್‌ಫರ್ ಅನ್ನೋ ಹಳೆಯ ಫೋಟೋ ಪ್ರಿಂಟ್ ವಿಧಾನದಲ್ಲಿ ಮಾಡಿದ್ದು, ಆಮೇಲಿನದು ಪಿಗ್ಮೆಂಟ್ ಇಂಕಿನ ಡಿಜಿಟಲ್ ಪ್ರಿಂಟ್. ವಿಧಾನವೇ ಬೇರೆ. ನನ್ನದೂ ಹೋಟೆಲಿನದೂ ಒಂದೇ ಫೈಲ್, ಒಂದೇ ಇಂಕು.

ಝಿಂಕ್ ಪ್ಲೇಟ್
"ಒಂದೇ ಫೈಲ್." ಸಂಗ್ರಹ ಅವರೇ ಹೇಳಿಬಿಟ್ಟರು. ನಾನು ಇನ್ನೇನು ಹೇಳಬೇಕು?

ವಿಜಯನಗರ 40
ಒಬ್ಬಳು ಹುಡುಗಿ 1,500 ರೂಪಾಯಿ ಕೊಡಬೇಕಾ ಅಂತ ಕೇಳಿದಳು. ನೀವು ಮ್ಯಾಡ್ರಿಡ್, ನ್ಯೂಯಾರ್ಕ್ ಎಲ್ಲ ಸುತ್ತಿದಿರಿ. ಯಾರಿಗೂ ಅವಳ ಚಿಂತೆ ಇಲ್ಲ.

ಬಸವನಗುಡಿ ಕುಂಚ
ಓದುತ್ತಿದ್ದೇನೆ. ಒಂದು ಕೇಳಲಾ? ಯಾರಾದರೂ ನನ್ನ ಪ್ರಿಂಟ್ ಕೊಂಡು ಮುಂದೆ ಜಾಸ್ತಿ ಬೆಲೆಗೆ ಮಾರಿದರೆ ನನಗೆ ಪಾಲು ಬರುತ್ತೆ ಅಂತ ಒಬ್ಬರು ಹೇಳಿದರು. ನಿಜವಾ?

ಗೋಡೆ ಮೊಳೆ
ಕಾಪಿರೈಟ್ ಕಾಯ್ದೆಯ 53ಎ ಕಲಂ. ಮೂಲ ಕೃತಿ 10,000 ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟ ಆದರೆ ಕಲಾವಿದರಿಗೆ ಪಾಲಿನ ಹಕ್ಕಿದೆ. ಹತ್ತು ಪರ್ಸೆಂಟ್ ಮೀರುವಂತಿಲ್ಲ. ಆದರೆ ಅದು ಪೇಂಟಿಂಗ್, ಶಿಲ್ಪ, ಡ್ರಾಯಿಂಗ್ ಮತ್ತು ಸಾಹಿತ್ಯ, ನಾಟಕ, ಸಂಗೀತದ ಮೂಲ ಹಸ್ತಪ್ರತಿಗೆ. ಪ್ರಿಂಟ್ ಅಂತ ಅಲ್ಲಿ ಹೇಳಿಲ್ಲ.

ಬೆಳಕಿನ ಪೆಟ್ಟಿಗೆ
ನೋಡಿ, "ಪ್ರಿಂಟ್ ಅಂತ ಅಲ್ಲಿ ಹೇಳಿಲ್ಲ." ಝಿಂಕ್ ಸಾರ್, ನಿಮ್ಮ ಕೈಕೆಲಸದ ಎಚ್ಚಿಂಗೂ ಅಲ್ಲಿಲ್ಲ, ನನ್ನ ಫೋಟೋನೂ ಇಲ್ಲ. ಕಾನೂನಿನ ಮುಂದೆ ಇಬ್ಬರೂ ಒಂದೇ.

ಝಿಂಕ್ ಪ್ಲೇಟ್
ಅದೇ ಕಾಯ್ದೆಯ 2(ಸಿ) ಓದಿ. ಕಲಾಕೃತಿ ಯಾವುದು ಅನ್ನುವಾಗ ಎನ್‌ಗ್ರೇವಿಂಗ್ ಹೆಸರು ಬೇರೆಯಾಗಿ ಬರೆದಿದ್ದಾರೆ.

ಬೆಳಕಿನ ಪೆಟ್ಟಿಗೆ
ಓದಿದೆ. ಎನ್‌ಗ್ರೇವಿಂಗ್ ಪಕ್ಕದಲ್ಲೇ ಫೋಟೋಗ್ರಾಫ್ ಅಂತ ಇದೆ. ಅದನ್ನು ಯಾಕೆ ಬಿಟ್ಟಿರಿ?

ಝಿಂಕ್ ಪ್ಲೇಟ್
ಫೋಟೋ ಫೋಟೋ ಆಗಿದ್ದರೆ ನನ್ನ ತಕರಾರಿಲ್ಲ. ಪೇಂಟಿಂಗಿನ ಸ್ಕ್ಯಾನ್‌ಗೆ ನಂಬರ್ ಹಾಕಿ ಪ್ರಿಂಟ್ ಅಂತ ಮಾರೋದಕ್ಕೆ ತಕರಾರು. ಮಾತು ತಿರುಗಿಸಬೇಡಿ. ಮೂವತ್ತು ವರ್ಷದಿಂದ ಈ ಊರಿನಲ್ಲಿ ನಮ್ಮಂಥ ಪ್ಲೇಟಿನಿಂದ ಪ್ರಿಂಟ್ ತೆಗೆಯುವ ಗ್ರಾಫಿಕ್ ಕಲಾವಿದರ ಕೆಲಸ "ಪೇಪರ್ ತಾನೇ" ಅಂತ ಕಡಿಮೆ ಬೆಲೆಗೆ ಕೇಳುತ್ತಾರೆ. ಆಸಿಡ್ ಹೊಗೆ ಕುಡಿದು, ಪೇಪರ್ ನೆನೆಸಿ, ಇಪ್ಪತ್ತೈದು ಪ್ರತಿಯನ್ನೂ ಒಂದೇ ಹದದಲ್ಲಿ ಒರೆಸಿ ತೆಗೆದವನ ಪಕ್ಕ ನಿಮ್ಮ ಸ್ಕ್ಯಾನ್ ಇಟ್ಟು ಎರಡಕ್ಕೂ ಒಂದೇ ಹೆಸರು ಕೊಟ್ಟರೆ ನಮ್ಮ ಬೆಲೆ ಏಳೋದು ಯಾವಾಗ?

ಬೆಳಕಿನ ಪೆಟ್ಟಿಗೆ
"ನಿಮ್ಮ ಸ್ಕ್ಯಾನ್" ಅನ್ನಬೇಡಿ, ನಾನು ಸ್ಕ್ಯಾನ್ ಮಾಡುವವನಲ್ಲ ಅಂತ ಹೇಳಿ ಆಯ್ತು. ಒಂದು ಪ್ರಿಂಟಿನ ಕಪ್ಪು ಸರಿ ಬರೋಕೆ ನಾನು ಲ್ಯಾಬಿನಲ್ಲಿ ಇಡೀ ದಿನ ನಿಂತು ಟೆಸ್ಟ್ ಸ್ಟ್ರಿಪ್ ತೆಗೆಸುತ್ತೇನೆ. ಹತ್ತಿಯ ಪೇಪರ್, ಪಿಗ್ಮೆಂಟ್ ಇಂಕ್, ಎಲ್ಲದಕ್ಕೂ ನನ್ನ ಕೈಯಿಂದಲೇ ದುಡ್ಡು. ಇದೂ ಶ್ರಮವೇ.

ಗೋಡೆ ಮೊಳೆ
ಕುಂಚ ಅವರೇ, ಕಳಿಸೋದಾದರೆ ಪ್ರಪೋಸಲ್‌ನಲ್ಲಿ ಇಷ್ಟು ಬರೆಯಿರಿ. ಇದು ಅಕ್ರಿಲಿಕ್ ಪೇಂಟಿಂಗಿನ ಪಿಗ್ಮೆಂಟ್ ಪ್ರಿಂಟ್ ಅಂತ ನೇರವಾಗಿ ಹೇಳಿ. ಎಲ್ಲ ಸೈಜೂ ಸೇರಿ 25 ಪ್ರತಿ, ಅದರ ಮೇಲೆ ಕಲಾವಿದರು ತಮಗೆ ಅಂತ ಇಟ್ಟುಕೊಳ್ಳುವ ಪ್ರತಿ ಎರಡೋ ಮೂರೋ ಅಷ್ಟೇ. ಪೇಪರಿನ ಹೆಸರು, ತೂಕ. ಫೈಲ್ ಯಾರ ಹತ್ತಿರ ಇರುತ್ತದೆ ಅನ್ನೋದು ಮುಖ್ಯ, ಗ್ಯಾಲರಿಗೆ ಕೊಟ್ಟು ಬರಬೇಡಿ. ಮಾರಾಟ ಆಗದೆ ಉಳಿದ ಪ್ರತಿ ಎಷ್ಟು ತಿಂಗಳಲ್ಲಿ ವಾಪಸ್, ಮಾರಿದ್ದರ ದುಡ್ಡು ಎಷ್ಟು ದಿನದಲ್ಲಿ ಕೈಗೆ, ಇದನ್ನೂ ಬರೆಸಿಕೊಳ್ಳಿ. ಪ್ರಿಂಟಿನ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅಂತ ಕೇಳಿ. ಪೂರ್ತಿ ಬೆಲೆಯಲ್ಲಿ ಅರ್ಧ ಕೊಟ್ಟರೆ ಫ್ರೇಮ್, ಪೇಪರ್ ಲೆಕ್ಕ ಹಾಕಿದಾಗ ಕೈಯಲ್ಲಿ ಏನೂ ಉಳಿಯಲ್ಲ.

ವಿಜಯನಗರ 40
"ಏನೂ ಉಳಿಯಲ್ಲ" ಅಂತ ಈಗ ನೀವೇ ಬರೆದಿರಿ. ನಾನು ಮೊದಲನೇ ಉತ್ತರದಲ್ಲೇ ಹೇಳಿದ್ದು ಅದೇ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ನಿಂತು ಮಾರಲಿ. 2003ರಿಂದ ನಡೆಯುತ್ತಿದೆ. ಕೊಳ್ಳುವವರು ಎದುರಿಗೇ ಬರುತ್ತಾರೆ, ದುಡ್ಡು ನೇರ ಕೈಗೆ.

ಗೋಡೆ ಮೊಳೆ
ಚಿತ್ರಸಂತೆ ವರ್ಷಕ್ಕೆ ಒಂದೇ ಭಾನುವಾರ. ಉಳಿದ ದಿನ ಏನು ಮಾಡಬೇಕು?

ಹಾಸನದ ಅಕ್ಷರ
ಅಲ್ಲಿ ಕನ್ನಡದಲ್ಲಿ ಮಾತಾಡಿ ಮಾರಬಹುದು. ಯಾರೂ 500 ಪದ ಕೇಳಲ್ಲ.

ಬಸವನಗುಡಿ ಕುಂಚ
ಗೋಡೆ ಮೊಳೆ ಅವರು ಹೇಳಿದ್ದನ್ನೆಲ್ಲ ಬರೆದು ಗ್ಯಾಲರಿಗೆ ಮೇಲ್ ಹಾಕಿದೆ. ಕನ್ನಡದಲ್ಲೂ ಒಂದು ಪ್ರತಿ ಸೇರಿಸಲಾ ಅಂತಲೂ ಕೇಳಿದೆ. ಉತ್ತರ ಬಂತು. ಕನ್ನಡ ಪ್ರತಿ ಬೇಕಾದರೆ ಸೇರಿಸಿ, ಇಂಗ್ಲಿಷ್ ಇರಲೇಬೇಕು. ಶುಲ್ಕ ಎಲ್ಲರಿಗೂ ಒಂದೇ. ಎಡಿಷನ್ ಬೇರೆ ಸೈಜಿನಲ್ಲಿ ಮಾಡುವ ಹಕ್ಕು ಗ್ಯಾಲರಿ ಇಟ್ಟುಕೊಳ್ಳುತ್ತದೆ. ಈ ಕೊನೆಯದಕ್ಕೆ ನಾನು ಒಪ್ಪಲ್ಲ. ಪ್ರದರ್ಶನದ ಭಾಗಕ್ಕೆ ಮಾತ್ರ ಕಳಿಸುತ್ತೇನೆ, ಪೋರ್ಟ್‌ಫೋಲಿಯೊಗೆ ಇಲ್ಲ.

ಜಯನಗರ ಸಂಗ್ರಹ
"ಬೇರೆ ಸೈಜಿನಲ್ಲಿ ಮಾಡುವ ಹಕ್ಕು." ನೋಡಿದಿರಾ? ಇದನ್ನು ಕೊಳ್ಳುವವರಿಗೆ ಯಾರೂ ಹೇಳಲ್ಲ.

ವಿಜಯನಗರ 40
ಪ್ರದರ್ಶನಕ್ಕೆ ಮಾತ್ರ ಕಳಿಸಿದರೂ 1,500 ಹೋಗುತ್ತೆ ತಾಯಿ.

ಝಿಂಕ್ ಪ್ಲೇಟ್
ಒಳ್ಳೆಯದು ಮಾಡಿದೆಯಮ್ಮ. ಬೆಳಕಿನ ಪೆಟ್ಟಿಗೆ ಅವರೇ, ಫೈಲ್ ಅಳಿಸಿದ್ದಕ್ಕೆ ಸಾಕ್ಷಿ ಏನು ಅಂತ ಕೇಳಿದ್ದೆ. ಇನ್ನೂ ಉತ್ತರ ಬಂದಿಲ್ಲ.

ಬೆಳಕಿನ ಪೆಟ್ಟಿಗೆ
ನನ್ನ ಸಹಿ, ನನ್ನ ಸರ್ಟಿಫಿಕೇಟ್. ಫೈಲ್ ನಾನು ಅಳಿಸಲ್ಲ, ಅದು ನನ್ನ ನೆಗೆಟಿವ್. ಡಾಲಿಯ ಖಾಲಿ ಹಾಳೆಗಳ ಬಗ್ಗೆ ನೀವೂ ಇನ್ನೂ ಏನೂ ಹೇಳಿಲ್ಲ.