ಅಪ್‌ಡೇಟ್: ಅಪ್ಪ ಮನೆಗೆ ಬಂದರು

ಹೋದ ವಾರ ಕೇಳಿದ್ದೆನಲ್ಲ, ಕ್ಯಾನ್ಸರ್ ನೋವಿಗೆ ಹಚ್ಚಿದ್ದ ಫೆಂಟನಿಲ್ ಪ್ಯಾಚ್ (ಚರ್ಮದ ಮೂಲಕ ಒಳಗಿಳಿಯುವ ಬಲವಾದ ನೋವಿನ ಔಷಧಿ) ಮೇಲೆ ಬಿಸಿನೀರಿನ ಚೀಲ ಇಟ್ಟು, ಬಿಸಿಗೆ ಔಷಧಿ ಜಾಸ್ತಿ ಒಳಗಿಳಿದು ಅಪ್ಪನಿಗೆ ಎಚ್ಚರ ತಪ್ಪಿತ್ತು, ಮುಂದೆ ಏನು ನೋಡಿಕೊಳ್ಳಬೇಕು ಅಂತ. ಮೊನ್ನೆ ಮನೆಗೆ ಬಂದರು.

ಆ ಔಷಧಿಯ ಪ್ರಭಾವ ತಡೆಯುವ ನ್ಯಾಲೊಕ್ಸೋನ್ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೇ ಕಣ್ಣು ಬಿಟ್ಟಿದ್ದರು. ಆಮೇಲೂ ಎರಡು ದಿನ ಆಸ್ಪತ್ರೆಯಲ್ಲಿ ಯಾಕೆ ಇಟ್ಟುಕೊಂಡರು ಅಂತ ಸುಮ್ನೆ ಗೊಣಗಿದ್ದೆ. ಕಾರಣ ಆಮೇಲೆ ತಿಳಿಯಿತು: ಆ ಇಂಜೆಕ್ಷನ್ ಪ್ರಭಾವ ಸಾಮಾನ್ಯವಾಗಿ ಒಂದೂವರೆ ಗಂಟೆಯೊಳಗೆ ಇಳಿದುಬಿಡುತ್ತದೆ. ಆದರೆ ಪ್ಯಾಚ್ ಕಿತ್ತರೂ ಚರ್ಮದಲ್ಲಿ ಉಳಿದ ಔಷಧಿ ಗಂಟೆಗಟ್ಟಲೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಸಂಜೆ ಮತ್ತೆ ಉಸಿರು ನಿಧಾನವಾಯಿತು, ಆಗ ಡ್ರಿಪ್‌ನಲ್ಲೇ ನ್ಯಾಲೊಕ್ಸೋನ್ ಹಾಕಿದರು.

ಈಗ ಡಾಕ್ಟರು ಗಂಟೆಗೆ 25 ಮೈಕ್ರೋಗ್ರಾಂ ಬಿಡುವ ಪ್ಯಾಚ್ ಬದಲು 12ರ ಪ್ಯಾಚ್ ಬರೆದಿದ್ದಾರೆ. 72 ಗಂಟೆಗೊಮ್ಮೆ ಬದಲಿಸಬೇಕು, ಕ್ಯಾಲೆಂಡರ್ ಮೇಲೆ ಗುರುತು ಹಾಕುತ್ತಿದ್ದೇನೆ. ನಿದ್ದೆ ಮಾತ್ರೆ ನಿಲ್ಲಿಸಿದ್ದಾರೆ. ರಾತ್ರಿ ಅಮ್ಮ, ನಾನು ಸರದಿಯಲ್ಲಿ ಎದ್ದು ಉಸಿರು ಎಣಿಸುತ್ತೇವೆ. ನಿಮಿಷಕ್ಕೆ 10ಕ್ಕಿಂತ ಕಡಿಮೆಯಾದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ಪ್ಯಾಚ್ ಕಿತ್ತು 108ಕ್ಕೆ ಫೋನ್ ಮಾಡಿ ಅಂದಿದ್ದಾರೆ. ಹಳೇ ಪ್ಯಾಚನ್ನು ಅಂಟು ಒಳಗೆ ಬರುವಂತೆ ಮಡಚುತ್ತೇನೆ, ಮನೆಯಲ್ಲಿ ಮಗು ಇದೆ ನೋಡಿ.

ಬಿಸಿನೀರಿನ ಚೀಲ ಅಟ್ಟ ಸೇರಿದೆ. ಅದನ್ನು ಇಟ್ಟಿದ್ದು ಅಮ್ಮನೇ, ಪಾಪ. ಯಾರೂ ಬಯ್ಯಲಿಲ್ಲ.