ಫ್ಯಾಟಿ ಲಿವರ್‌ಗೆ ಮೈಟೊಕಾಂಡ್ರಿಯಾ ಪ್ರೋಟೀನ್ ಕಾರಣ ಅಂತಾರೆ, ಪ್ರೋಟೀನ್ ಪೌಡರ್ ಕೊಡಬಹುದಾ?

ತುಂಗಾತೀರ:
ಅಪ್ಪನ ಹೊಟ್ಟೆ ಸ್ಕ್ಯಾನಿಂಗ್ ರಿಪೋರ್ಟಲ್ಲಿ 'ಗ್ರೇಡ್ 2 ಫ್ಯಾಟಿ ಲಿವರ್' ಅಂತ ಬಂದಿದೆ. ಅವರು ಒಂದು ದಿನವೂ ಕುಡಿದವರಲ್ಲ, ದಪ್ಪನೂ ಇಲ್ಲ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ. ಲಿವರ್‌ನ ಜೀವಕೋಶಗಳಲ್ಲಿ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾದಲ್ಲಿರೋ ಪ್ರೋಟೀನ್ ಕೆಲಸ ಕೆಟ್ಟರೆ ಕೊಬ್ಬು ಸೇರುತ್ತದೆ ಅಂತ ಓದಿದೆ. ಪ್ರೋಟೀನ್ ಪೌಡರ್ ಕೊಟ್ಟರೆ ಸರಿಹೋಗುತ್ತಾ? ಅಂಗಡಿಯವರು ಕಾರ್ನಿಟಿನ್ ಮಾತ್ರೆನೂ ತೋರಿಸಿದರು. ಗಾಬರಿಯಾಗಿದೆ, ಗೊತ್ತಿದ್ದವರು ಹೇಳಿ.

ಪಾಠದ ಮೇಷ್ಟ್ರು:
ಗಾಬರಿ ಬೇಡಿ. ಡಬ್ಬಿಯ ಪ್ರೋಟೀನ್ ಹೊಟ್ಟೆಯಲ್ಲೇ ಜೀರ್ಣವಾಗಿ ಅಮೈನೋ ಆಮ್ಲ ಆಗುತ್ತದೆ, ಮೈಟೊಕಾಂಡ್ರಿಯಾಕ್ಕೆ ಹೋಗಿ ಕೂರುವುದಿಲ್ಲ. ನಾನು ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ, ಮಕ್ಕಳಿಗೆ ಹೇಳೋ ಹಾಗೇ ಹೇಳುತ್ತೇನೆ. ಮೈಟೊಕಾಂಡ್ರಿಯಾದ ಹೊರಪೊರೆಯಲ್ಲಿ ಸಿಪಿಟಿ1 ಅನ್ನೋ ಪ್ರೋಟೀನ್ ಬಾಗಿಲು ಕಾಯುತ್ತದೆ. ಕೊಬ್ಬಿನಾಮ್ಲಕ್ಕೆ ಅದು ಕಾರ್ನಿಟಿನ್ ಅನ್ನೋ ಸಾಗಿಸೋ ವಸ್ತುವನ್ನು ಜೋಡಿಸಿದರೆ ಮಾತ್ರ ಒಳಗೆ ಹೋಗಿ ಉರಿಯೋಕೆ ಆಗೋದು. ಅನ್ನ, ಸಕ್ಕರೆ ಜಾಸ್ತಿಯಾಗಿ ಇನ್ಸುಲಿನ್ ಏರಿದಾಗ ಲಿವರ್ ಹೊಸ ಕೊಬ್ಬು ತಯಾರಿಸೋಕೆ ಶುರು ಮಾಡುತ್ತದೆ, ಆ ಕೆಲಸದ ಕಚ್ಚಾ ಮಾಲಾದ ಮಲೋನಿಲ್ ಕೋ-ಎ ಬಂದು ಇದೇ ಬಾಗಿಲನ್ನು ಮುಚ್ಚಿಬಿಡುತ್ತದೆ. ಹೊಸದು ತಯಾರಾಗ್ತಾ ಇರುತ್ತೆ, ಹಳೆಯದು ಉರಿಯಲ್ಲ. ಊಟವಾದ ಮೇಲೆ ಎಲ್ಲರಲ್ಲೂ ಇದು ನಡೆಯೋದೇ, ಆದರೆ ದಿನವಿಡೀ ಏನಾದರೂ ಬಾಯಿಗೆ ಹಾಕ್ತಾ ಇದ್ದರೆ ಬಾಗಿಲು ತೆರೆಯೋದು ಯಾವಾಗ ಹೇಳಿ? ಕಾರ್ನಿಟಿನ್ ನಮ್ಮ ದೇಹವೇ ಮಾಡಿಕೊಳ್ಳುತ್ತದೆ. ಡಾಕ್ಟರ್ ಹೇಳದೆ ಮಾತ್ರೆ ಕೊಡಬೇಡಿ.

ಕಡಲೆಬೀಜ:
ಮೇಷ್ಟ್ರು ಹೇಳಿದ್ದು ಸರಿ. ಇನ್ನೊಂದು ಮಾತು, ಪ್ರೋಟೀನ್ ಜಾಸ್ತಿ ಕೆಲಸ ಮಾಡಿದರೆ ಒಳ್ಳೆಯದು ಅಂತಲೂ ಇಲ್ಲ. ಅದೇ ಹೊರಪೊರೆಯಲ್ಲಿ ಎಂಟಾರ್ಕ್1 ಅಂತ ಇನ್ನೊಂದು ಪ್ರೋಟೀನ್ ಇದೆ. ಅದರ ಜೀನ್‌ನಲ್ಲಿ ಆ ಪ್ರೋಟೀನಿನ ಕೆಲಸ ಕುಗ್ಗಿಸೋ ಒಂದು ಸಣ್ಣ ಬದಲಾವಣೆ ಇರೋರಿಗೆ ಲಿವರ್‌ನಲ್ಲಿ ಕೊಬ್ಬು ಕಡಿಮೆ, ಸಿರೋಸಿಸ್ (ಲಿವರ್ ಗಾಯವಾಗಿ ಗಟ್ಟಿಯಾಗೋದು) ಅಪಾಯವೂ ಕಡಿಮೆ ಅಂತ 2020ರಲ್ಲಿ ಗೊತ್ತಾಯಿತು. ಓದಿ ನನಗೇ ಆಶ್ಚರ್ಯ ಆಯಿತು.

ಸಂಜೆ ವಾಕಿಂಗ್:
ನಮ್ಮ ಮಾವನಿಗೂ ಇದೇ ರಿಪೋರ್ಟ್ ಬಂದಿತ್ತು. ದಿನಕ್ಕೆ ಐದು ಟೀ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ, ಜೊತೆಗೆ ರಸ್ಕ್. ಮೊದಲು ಅದನ್ನೇ ನಿಲ್ಲಿಸಿದೆವು. ರಾತ್ರಿ ಊಟ ಏಳೂವರೆಗೆ ಮುಗಿಸಿ, ಅರ್ಧ ಗಂಟೆ ನಡೆಸಿದೆವು. ದಪ್ಪ ಇರೋರು ಶೇ. 7ರಿಂದ 10ರಷ್ಟು ತೂಕ ಇಳಿಸಿದರೆ ಲಿವರ್‌ನ ಉರಿಯೂತವೂ ಇಳಿಯುತ್ತದೆ, ನಿಮ್ಮ ಅಪ್ಪನ ಹಾಗೆ ತೆಳ್ಳಗಿರೋರಿಗೆ ಅಷ್ಟೂ ಬೇಕಿಲ್ಲ. ಲಿವರ್‌ನ ರಕ್ತಪರೀಕ್ಷೆ ಎಸ್‌ಜಿಪಿಟಿ ನಾರ್ಮಲ್ ಇದೆ ಅಂತ ಸುಮ್ನೆ ಇರಬೇಡಿ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡೋ ಫೈಬ್ರೋಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಕೇಳಿ. ಶುಗರ್ ಟೆಸ್ಟ್ ಮಾಡಿಸಿದ್ದೀರಾ?

ತುಂಗಾತೀರ:
ಮಾಡಿಸಿಲ್ಲ, ನಾಳೆ ಖಾಲಿ ಹೊಟ್ಟೇಲಿ ಕರ್ಕೊಂಡು ಹೋಗ್ತೀನಿ. ಪೌಡರ್ ಡಬ್ಬಿ ಇನ್ನೂ ಒಡೆದಿಲ್ಲ, ವಾಪಸ್ ಕೊಡ್ತೀನಿ. ಎಲ್ಲರಿಗೂ ಥ್ಯಾಂಕ್ಸ್.